ಟಾಕೀಸಿನಲ್ಲಿ ತಂಗಿ ಬಾಯಿ ತೆರೆದಾಗ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನನ್ನ ಚಿಕ್ಕಪ್ಪನ ಮಗಳು ತನ್ನ ಮೊದಲ ಸಿನಿಮಾದಲ್ಲೇ ಸ್ವರ ಕಳೆದುಕೊಂಡದ್ದು ನನ್ನಿಂದ. ಒಂದು ಸುತ್ತು ಬೆಲ್ಲದ ಕಾಫಿ, ಹತ್ತು ಹನ್ನೆರಡು ಜನರ ನಗು, ಇಷ್ಟಕ್ಕಾಗಿ ಆ ಕೆಲಸ ಮಾಡಿದೆ. ಕಾಫಿ ಕೂಡ ನಾನೇ ಕಾಸಿದ್ದು.

ನಾನು ಮಿಮಿಕ್ರಿ ಮಾಡುವವನು. ಹೊಟ್ಟೆಪಾಡಿಗೆ ಕಕ್ಕಬೆಯ ಒಂದು ಹೋಂಸ್ಟೇಯಲ್ಲಿ ಕೆಲಸ. ಬಂದವರಿಗೆ ರೂಮಿನ ಕೀ ಕೊಡುವುದು, ಬೆಟ್ಟ ಹತ್ತುವ ದಾರಿ ತೋರಿಸುವುದು, ಹತ್ತಿ ಬಂದವರ ಕಾಲಿನ ಜಿಗಣೆಗೆ ಉಪ್ಪು ಹಾಕುವುದು. ಬೇಸಿಗೆಯಲ್ಲಿ ಹಾಕಿ ಪಂದ್ಯಗಳಿಗೆ ಕಾಮೆಂಟರಿ. ಮದುವೆ ಮನೆಯಲ್ಲಿ ಯಾರಾದರೂ ಮರೆತು ಮೈಕ್ ಆನ್ ಮಾಡಿಟ್ಟರೆ ಮುಗಿಯಿತು, ಊಟಕ್ಕೆ ಕರೆಯುವವರೆಗೂ ಬಿಡುವುದಿಲ್ಲ. ಬೇಕರಿ ಕಾಕನ ಮಲಯಾಳ ಬೆರೆತ ಕನ್ನಡ ಮಾಡುತ್ತೇನೆ. ಒಬ್ಬರು ಎಸ್ಟೇಟ್ ಮಾಲೀಕರನ್ನು ಮಾಡುತ್ತೇನೆ, ಅವರು ನಾಯಿಗೆ ಇಂಗ್ಲಿಷು, ಆಳುಗಳಿಗೆ ತಮಿಳು, ಹೆಂಡತಿಗೆ ಬರೀ ಕೆಮ್ಮು. ನನ್ನನ್ನೂ ಬಿಟ್ಟಿಲ್ಲ. ಎರಡು ಮಾತಿಗೊಮ್ಮೆ ‘ಗೊತ್ತಾಯ್ತಾ?’ ಎನ್ನುವುದು ನನ್ನ ರೋಗ, ಹೇಳುತ್ತಿರುವುದು ನನಗೇ ಗೊತ್ತಾಗದಿದ್ದರೂ. ಅದನ್ನು ವೇದಿಕೆಯ ಮೇಲೆ ಮಾಡಿದರೆ ನನ್ನ ಅಮ್ಮನೇ ಎಲ್ಲರಿಗಿಂತ ಜೋರಾಗಿ ನಗುತ್ತಾಳೆ.

ತಂಗಿಯ ಮನೆ ನಮ್ಮ ಮನೆಗೆ ತಾಗಿಕೊಂಡೇ ಇದೆ. ಮನೆಯೊಳಗೆ ನಮ್ಮದು ಅರೆಭಾಷೆ, ಕೊಡಗಿನ ಗೌಡರ ಮನೆಮಾತು. ಇಲ್ಲಿ ಎಲ್ಲರಿಗೂ ಇಳಿಯಲಿ ಎಂದು ಸ್ವಲ್ಪ ನೀರು ಬೆರೆಸಿ ಬಡಿಸುತ್ತಿದ್ದೇನೆ. ಅವಳು ಕನ್ನಡ ಮಾತಾಡಿದರೂ ಅದರ ಕೆಳಗೆ ಮನೆಯ ರಾಗ ಹರಿಯುತ್ತಿರುತ್ತದೆ. ವಾಕ್ಯದ ಕೊನೆ ಸ್ವಲ್ಪ ಮೇಲಕ್ಕೆ ಹೋಗುತ್ತದೆ, ಏರು ದಾರಿಯಲ್ಲಿ ನಿಂತು ಹಿಂದೆ ಬರುವವರಿಗೆ ಕಾಯುವ ಹಾಗೆ. ಚಿಕ್ಕಂದಿನಿಂದ ನಾನು ಅದನ್ನು ಅಣಕಿಸಿದ್ದೇನೆ. ಅವಳು ಕೈಗೆ ಸಿಕ್ಕಿದ್ದರಲ್ಲಿ ಹೊಡೆದಿದ್ದಾಳೆ. ಲೆಕ್ಕ ಸಮ ಎಂದೇ ತಿಳಿದಿದ್ದೆ.

ಅವಳು ಮೈಸೂರಿಗೆ ಓದಲು ಹೋದವಳು ಒಂದು ನಾಟಕ ತಂಡ ಸೇರಿದಳು. ಎರಡು ವರ್ಷ ಊರೂರು ತಿರುಗಿದರು. ಶಾಲೆಯ ಹಾಲ್, ಛತ್ರ, ಒಮ್ಮೆ ಕುಶಾಲನಗರದ ಹತ್ತಿರ ಒಂದು ಜೋಳದ ಕಣ. ಒಂದು ನಾಟಕದಲ್ಲಿ ಅವಳದು ಮುದುಕಿಯ ಪಾತ್ರ. ಒಂದು ಗಂಟೆ ಕೂತಲ್ಲಿಂದ ಏಳದೆ ಬರೀ ಮಾತಿನಲ್ಲೇ ನಡೆಸಿದಳು. ಮೈಕ್ ಇರಲಿಲ್ಲ, ಹಿಂದಿನ ಸಾಲಿನವರೆಗೂ ಕೇಳಿಸಿತು. ಪಾಲಿಬೆಟ್ಟದ ಕಡೆ ಎಸ್ಟೇಟಿನಲ್ಲಿ ರೈಟರ್ ಆಗಿ ಕೆಲಸದವರ ಹಾಜರಿ ಹಾಕುವ ಚಿಕ್ಕಪ್ಪ, ರಜೆ ಹಾಕಿ ನೋಡಲು ಬಂದಿದ್ದರು.

“ಇಷ್ಟು ಓದಿಸಿದ್ದು ನೀನು ಮುದುಕಿ ಆಗೋದನ್ನ ನೋಡ್ಲಿಕ್ಕಾ?” ಎಂದು ಅವಳಿಗೆ ಬೈದರು. ನನ್ನ ಹತ್ತಿರ ಬಂದು, “ನನ್ನ ಅಮ್ಮನ ಹಾಗೇ ಮಾತಾಡಿದಳಲ್ಲ, ಮಾರಾಯ” ಎಂದು ಮೂಗು ಒರೆಸಿಕೊಂಡರು.

ಆಮೇಲೆ ಟಿವಿ. ಒಂದು ಧಾರಾವಾಹಿಯಲ್ಲಿ ಮನೆಕೆಲಸದ ಹುಡುಗಿ. ಮೂರು ತಿಂಗಳು ಜ್ಯೂಸಿನ ಟ್ರೇ ಹಿಡಿದು ಓಡಾಡಿದಳು. ಇದ್ದದ್ದು ಒಂದೇ ಮಾತು, “ಅಮ್ಮಾವ್ರು ಕರೀತಿದ್ದಾರೆ.” ಅಷ್ಟಕ್ಕೇ ಚಿಕ್ಕಮ್ಮ ಅಕ್ಕಪಕ್ಕದವರನ್ನೆಲ್ಲ ಕರೆದು ಕೂರಿಸುತ್ತಿದ್ದರು. ನಾನು ನಮ್ಮ ಹೋಂಸ್ಟೇಯ ಟ್ರೇ ಹಿಡಿದುಕೊಂಡು ಅವಳ ನಡಿಗೆಯನ್ನು ಮಾಡಿ ತೋರಿಸುತ್ತಿದ್ದೆ. ನೋಡಿದವರು ಬಿದ್ದು ಬಿದ್ದು ನಗುತ್ತಿದ್ದರು. ಅವಳೂ ನಗುತ್ತಿದ್ದಳು. ಒಂದು ಸಲ ಮಾತ್ರ, “ಟ್ರೇ ಎಷ್ಟು ಬೇಕಾದರೂ ಹಿಡಿ ಅಣ್ಣ. ನನಗೆ ಮಾತಾಡುವ ಪಾತ್ರ ಒಂದು ಬರಲಿ, ಆಗ ನೋಡು” ಎಂದಳು.

ಬಂತು. ಸಿನಿಮಾ, ನಾಯಕನ ತಂಗಿಯ ಪಾತ್ರ. ಮೇಲಾಗಿ ಶೂಟಿಂಗ್ ನಮ್ಮ ಕಕ್ಕಬೆಯಲ್ಲೇ, ಇಡೀ ಯೂನಿಟ್ ಇಳಿದುಕೊಂಡದ್ದು ನಮ್ಮ ಹೋಂಸ್ಟೇಯಲ್ಲೇ. ಕಾಫಿ ಒಣಹಾಕುವ ಕಣದಲ್ಲಿ ನಿಂತು ಅವಳು ಅಣ್ಣನಿಗೆ, ತಾಯಿ ಸತ್ತ ಮೇಲೆ ತಾನು ಯಾಕೆ ಮನೆಗೆ ಬರಲಿಲ್ಲ ಎಂದು ಹೇಳಬೇಕು. ನಾಲ್ಕು ನಿಮಿಷದ ಮಾತು. ಒಂದೇ ಟೇಕಿನಲ್ಲಿ ಮುಗಿಸಿದಳು. ಲೈಟ್ ಹಿಡಿದವರು ಕೂಡ ಅಲ್ಲಾಡದೆ ನಿಂತಿದ್ದರು. ಡೈರೆಕ್ಟರು ಕಟ್ ಎಂದವರೇ, ಇನ್ನೊಂದು ಟೇಕ್ ಬೇಡ ಎಂದರು.

ನನ್ನ ಘನಕಾರ್ಯ ಮರುದಿನದ್ದು. ಸಂಜೆ ಯೂನಿಟ್ಟಿನವರು ಜಗಲಿಯಲ್ಲಿ ಕಾಫಿಗೆ ಕೂತಿದ್ದರು. ತಂಗಿ ಮೇಕಪ್ ತೆಗೆಯಲು ಒಳಗೆ ಹೋಗಿದ್ದಳು.

“ಏನ್ರೀ, ನೀವು ಮಿಮಿಕ್ರಿ ಮಾಡ್ತೀರಂತೆ?” ಎಂದರು ಡೈರೆಕ್ಟರು.

ನಾಯಿಗೆ ಮೂಳೆ ತೋರಿಸಿ, ಬೇಕಾ ಎಂದು ಕೇಳಿದ ಹಾಗಾಯಿತು. ಬೇಕರಿ ಕಾಕ ಬಂದರು, ಎಸ್ಟೇಟ್ ಮಾಲೀಕರು ಕೆಮ್ಮಿದರು, ಹಾಕಿ ಕಾಮೆಂಟರಿಯಲ್ಲಿ ಎರಡು ಗೋಲು ಬಿತ್ತು. ನಕ್ಕರು. ಇನ್ನೂ ಬೇಕೆಂದರು. “ನಮ್ಮ ಯೂನಿಟ್‌ನೋರ್ದು ಯಾರ್ದಾದ್ರೂ ಮಾಡಿ ನೋಡೋಣ” ಎಂದರು ಡೈರೆಕ್ಟರು. ಅವರನ್ನೇ ಮಾಡಲು ನನಗೆ ಧೈರ್ಯವಿಲ್ಲ. ನಾಯಕನನ್ನು ಮಾಡಿದರೆ ಕೆಲಸ ಹೋಗುತ್ತದೆ. ಯಾರನ್ನು ಮಾಡಿದರೆ ನನಗೆ ಏನೂ ಆಗುವುದಿಲ್ಲವೋ ಅವಳನ್ನು ಮಾಡಿದೆ.

ಕಣದ ಆ ನಾಲ್ಕು ನಿಮಿಷದಿಂದ ಮೂರು ವಾಕ್ಯ ಎತ್ತಿಕೊಂಡೆ. ಅವಳ ರಾಗವನ್ನು ಇನ್ನೆರಡು ಮೆಟ್ಟಿಲು ಮೇಲಕ್ಕೆ ಏರಿಸಿದೆ. ಅದು ಸಾಲದೆ, ಪ್ರತಿ ವಾಕ್ಯದ ಬಾಲಕ್ಕೆ ಒಂದು ‘ಆಂ?’ ಸೇರಿಸಿದೆ. ಅದು ಅವಳದಲ್ಲ. ಹುಟ್ಟಿದಾಗಿನಿಂದ ಅವಳು ಹಾಗೆ ಎಂದದ್ದು ಯಾರೂ ಕೇಳಿಲ್ಲ. ಮಿಮಿಕ್ರಿಯವರು ಹೀಗೆ ಒಂದು ಚಿಟಿಕೆ ಸುಳ್ಳು ಹಾಕುತ್ತೇವೆ. ಇಲ್ಲದಿದ್ದರೆ ಜನ, ಹೌದು ಹಾಗೇ ಇದೆ ಎಂದು ತಲೆಯಾಡಿಸುತ್ತಾರೆ, ನಗುವುದಿಲ್ಲ. ಡೈರೆಕ್ಟರಿಗೆ ಕಾಫಿ ಮೂಗಿಗೆ ಹತ್ತಿತು. ಇನ್ನೊಮ್ಮೆ ಮಾಡಿಸಿದರು. ಮೂರನೆಯ ಸಲ ಅವರೇ ನನ್ನ ಜೊತೆ ‘ಆಂ?’ ಎಂದರು. ಅವತ್ತು ನಾನು ಏನೋ ಕಪ್ ಗೆದ್ದವನ ಹಾಗೆ ಮನೆಗೆ ಹೋದೆ.

ಶೂಟಿಂಗ್ ಮುಗಿದ ಮೇಲೆ ಡಬ್ಬಿಂಗ್ ಇರುತ್ತದೆ. ಕಣದಲ್ಲಿ ಹೇಳಿದ ಮಾತು ಹಾಗೇ ಉಳಿಯುವುದಿಲ್ಲವಂತೆ; ಸ್ಟುಡಿಯೋದಲ್ಲಿ ನಿಂತು, ಪರದೆ ನೋಡುತ್ತಾ, ತಮ್ಮ ತುಟಿಗೆ ತಾವೇ ಮತ್ತೆ ಮಾತು ಕೂಡಿಸಬೇಕಂತೆ. ತಂಗಿ ಅದಕ್ಕಾಗಿ ಮನೆಗೆ ಬಂದು ಕಾದಳು. ನಾಟಕ ತಂಡದವರು ಹೊಸ ನಾಟಕದ ತಿರುಗಾಟಕ್ಕೆ ಕರೆದಾಗ, ಡಬ್ಬಿಂಗ್ ಯಾವಾಗ ಬೇಕಾದರೂ ಬರಬಹುದು ಎಂದು ಒಲ್ಲೆ ಎಂದಳು. ಅವಳ ಪಾತ್ರ ಬೇರೆ ಹುಡುಗಿಗೆ ಹೋಯಿತು. ಗಂಟಲು ಕೆಡಬಾರದೆಂದು ಮೊಸರು ಬಿಟ್ಟಳು, ತಣ್ಣೀರು ಬಿಟ್ಟಳು. ಚಿಕ್ಕಪ್ಪನ ಅಂಗಳದಲ್ಲಿ ನೆಟ್‌ವರ್ಕ್ ಸಿಗುವುದು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಮಾತ್ರ. ಫೋನು ದಿನವಿಡೀ ಅಲ್ಲೇ ಕೂತಿರುತ್ತಿತ್ತು. ಚಿಕ್ಕಮ್ಮ ಬಟ್ಟೆ ಒಗೆಯಲು ನಮ್ಮ ಮನೆಗೆ ಬರಬೇಕಾಯಿತು.

“ಏನಮ್ಮ, ಕಲ್ಲು ಮಾತಾಡಿತಾ?” ಎಂದು ನಾನು ದಿನಾ ಕೇಳುತ್ತಿದ್ದೆ.

ಕೊನೆಗೆ ಅವಳೇ ಫೋನ್ ಮಾಡಿದಳು. ಅಸಿಸ್ಟೆಂಟ್ ಡೈರೆಕ್ಟರ್, “ಪೈಲಟ್ ಟ್ರ್ಯಾಕ್ ಚೆನ್ನಾಗಿ ಬಂದಿದೆ ಮೇಡಂ, ಬೇಕಾದ್ರೆ ಕರೀತೀವಿ” ಎಂದ. ಪೈಲಟ್ ಎಂದರೆ ಶೂಟಿಂಗ್ ಹೊತ್ತಿನಲ್ಲೇ ರೆಕಾರ್ಡ್ ಆದ ಮಾತು. ತಂಗಿ ಕುಣಿದಳು. “ಕಣದಲ್ಲಿ ಹೇಳಿದ್ದೇ ಬರ್ತದೆ ಅಮ್ಮ! ಹಿಂದೆ ನಮ್ಮ ನಾಯಿ ಬೊಗಳಿದ್ದೂ ಕೇಳಬಹುದು!” ಎಂದಳು. ಚಿಕ್ಕಪ್ಪ ಎಸ್ಟೇಟಿನ ಕೆಲಸದವರ ಲೈನ್ ಮನೆಗಳಲ್ಲೆಲ್ಲ ನಾಯಿಯ ಸಮೇತ ಈ ಸುದ್ದಿ ಹೇಳಿ ಬಂದರು.

ಸಿನಿಮಾ ಕುಶಾಲನಗರದ ಟಾಕೀಸಿಗೆ ಬಂದಾಗ ಎರಡೂ ಮನೆಯವರು ಒಂದು ಜೀಪಿನಲ್ಲಿ ತುಂಬಿಕೊಂಡು ಮ್ಯಾಟಿನಿಗೆ ಹೋದೆವು. ಒಂದೇ ಸಾಲಿನಲ್ಲಿ ಕೂತೆವು. ತಂಗಿಯ ಆ ಕಡೆ ಚಿಕ್ಕಮ್ಮ, ಈ ಕಡೆ ನಾನು. ಮಧ್ಯಂತರ ಮುಗಿದು ಸ್ವಲ್ಪ ಹೊತ್ತಿಗೆ ಕಣ ಬಂತು. ಚಿಕ್ಕಪ್ಪ ಮುಂದಿನ ಸಾಲಿನ ಅಪರಿಚಿತರ ಹೆಗಲು ತಟ್ಟಿ, “ಈಗ ನೋಡಿ” ಎಂದರು. ಪರದೆಯ ತುಂಬ ಅವಳ ಮುಖ. ಬಾಯಿ ತೆರೆದಳು.

ಬೇರೆ ಯಾರೋ ಮಾತಾಡಿದರು.

ನುಣುಪಾದ, ಅಂಚು ಮಡಿಸಿ ಇಸ್ತ್ರಿ ಮಾಡಿದಂಥ ಸ್ವರ. ಜಾಹೀರಾತಿನಲ್ಲಿ ಸೋಪಿನ ಬಗ್ಗೆ ಹೇಳುವ ಸ್ವರ. ತುಟಿ ಅವಳದು, ಕಣ್ಣು ಅವಳದು, ಕತ್ತಿನ ನರ ಬಿಗಿಯುವುದು ಅವಳದು. ಹೊರಗೆ ಬರುತ್ತಿದ್ದದ್ದು ಊರು ಗೊತ್ತಿಲ್ಲದ ಒಬ್ಬಳ ಮಾತು. ಸಾವಿರ ಸಲ ಇನ್ನೊಬ್ಬರ ಸ್ವರವನ್ನು ನನ್ನ ಬಾಯಲ್ಲಿ ಹಾಕಿಕೊಂಡವನು ನಾನು. ನಮ್ಮ ಮನೆಯ ಹುಡುಗಿಯ ಬಾಯಲ್ಲಿ ಇನ್ನೊಬ್ಬಳ ಸ್ವರ ಕೂತದ್ದನ್ನು ನೋಡಲು ನನಗೆ ಭಯವಾಯಿತು. ಮೈಮೇಲೆ ದೆವ್ವ ಬಂದವರನ್ನು ನೋಡಿದರೂ ಅಷ್ಟು ಹೆದರಿದವನಲ್ಲ.

“ಸ್ಪೀಕರ್ ಹಾಳಾಗಿರಬೇಕು” ಎಂದರು ಚಿಕ್ಕಪ್ಪ.

ಚಿಕ್ಕಮ್ಮ ಪರದೆಯನ್ನು ಬಿಟ್ಟು ಪಕ್ಕದಲ್ಲಿದ್ದ ಮಗಳ ಕಡೆ ತಿರುಗಿದರು. ಕತ್ತಲಲ್ಲಿ ಕೈಯಾಡಿಸಿ ಅವಳ ಗಂಟಲನ್ನು ಮುಟ್ಟಿ ನೋಡಿದರು. “ಆಗ ನಿನಗೆ ಶೀತ ಆಗಿತ್ತಾ?”

ನನಗೆ ಮಾತ್ರ ಒಂದು ಸಣ್ಣ ಸದ್ದು ಕೇಳಿಸುತ್ತಿತ್ತು. ಪರದೆಯ ಮೇಲೆ ತನ್ನ ತುಟಿ ಆಡಿದ ಹಾಗೆಲ್ಲ ಅವಳು ತನ್ನ ಮಾತನ್ನು ಪಿಸುಗುಟ್ಟುತ್ತಿದ್ದಳು. ನಾಲ್ಕು ನಿಮಿಷವೂ. ಒಂದಕ್ಷರ ಹಿಂದೆ ಮುಂದೆ ಆಗಲಿಲ್ಲ. ಆ ದೃಶ್ಯ ಮುಗಿದ ಮೇಲೆ ಟಾಕೀಸಿನವರೆಲ್ಲ ಚಪ್ಪಾಳೆ ಹೊಡೆದರು. ನಾವು ಆರು ಜನ ಕೈ ಎತ್ತಲಿಲ್ಲ.

ಹೊರಗೆ ಬಂದರೆ ಸೆಲ್ಫಿಗೆ ಮುತ್ತಿಕೊಂಡರು. ಒಬ್ಬ ಹೆಂಗಸು, “ಎಷ್ಟು ಚೆನ್ನಾಗಿ ಮಾತಾಡಿದೀಯ ಕಣಮ್ಮ, ಕಣ್ಣಲ್ಲಿ ನೀರು ಬಂತು” ಎಂದರು. ತಂಗಿ, “ಥ್ಯಾಂಕ್ಸ್ ಆಂಟಿ, ಎಲ್ಲಿಂದ ಬಂದದ್ದು ನೀವು?” ಎಂದಳು. ಆ ಹೆಂಗಸಿನ ಮುಖ ಇಳಿಯಿತು. “ಅಯ್ಯೋ, ನಿನ್ ವಾಯ್ಸ್ ಹೀಗಾ?”

ವಾಪಸ್ ಜೀಪು ಹತ್ತಿದೆವು. ಯಾವ ಜೀಪಿನಲ್ಲಾದರೂ ನಾನು ಮಾತಾಡದೆ ಕೂತದ್ದು ನನ್ನ ಜೀವನದಲ್ಲಿ ಅದೊಂದೇ ಸಲ.

ಮರುದಿನ ನಾನು ಆ ಅಸಿಸ್ಟೆಂಟಿಗೆ ಮೆಸೇಜ್ ಹಾಕಿದೆ. ಶೂಟಿಂಗ್ ಹೊತ್ತಿನಲ್ಲಿ ಅವನಿಗೆ ದಿನಾ ಬಿಸಿನೀರು ಕಾಯಿಸಿ ಕೊಟ್ಟವನು ನಾನು. ಸತ್ಯ ಹೇಳುತ್ತಾನೆ ಎಂಬ ನಂಬಿಕೆ. ಸಿಕ್ಕಾಪಟ್ಟೆ ಕೋಪದಲ್ಲಿ ಟೈಪ್ ಮಾಡಿದ್ದೆ. ಅವಳ ಸ್ವರವನ್ನು ತೆಗೆದವರು ಯಾರು, ಒಂದು ಮಾತು ಹೇಳಲಿಕ್ಕೆ ನಿಮಗೆ ಬಾಯಿಲ್ಲವಾ, ಹೀಗೆ. ಅವನು ವಾಯ್ಸ್ ಮೆಸೇಜ್ ಕಳಿಸಿದ. ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ನಿಂತು ಕೇಳಿದೆ.

“ಅಣ್ಣಾ, ಬೇಜಾರು ಮಾಡ್ಕೋಬೇಡಿ. ಪೈಲಟ್‌ನಲ್ಲಿ ಅವ್ರು ಸೂಪರಾಗೇ ಮಾಡಿದ್ರು. ಆದ್ರೆ ಎಡಿಟಿಂಗಲ್ಲಿ ಆ ಸೀನ್ ಬಂದಾಗೆಲ್ಲ ಡೈರೆಕ್ಟರ್‌ಗೆ ನೀವು ಮಾಡಿದ್ದು ನೆನಪಾಗ್ಬಿಡೋದು. ‘ಲೋ, ತಾಯಿ ಸತ್ತ ಸೀನಲ್ಲಿ ನಗು ಬರ್ತಿದೆ ಕಣೋ, ಆ ಹುಡುಗನ ಮುಖಾನೇ ಕಾಣ್ಸತ್ತೆ, ಬೇರೆ ವಾಯ್ಸ್ ಹಾಕ್ಸು’ ಅಂದ್ರು. ಅದಕ್ಕೇ.”

ಅದಕ್ಕೇ. ಮೂರು ಸಲ ಕೇಳಿದೆ. ಕೊನೆಗೆ ಅವನು ಸಣ್ಣಗೆ ನಗುವುದೂ ಇತ್ತು. ಒಂದೇ ಟೇಕಿನಲ್ಲಿ ಅಷ್ಟು ಜನರನ್ನು ನಿಲ್ಲಿಸಿದ ಮಾತನ್ನು ನಾನು ಕಾಫಿ ಕುಡಿಯುವ ಹೊತ್ತಿನಲ್ಲಿ ಕೆಡಿಸಿದ್ದೆ. ಡೈರೆಕ್ಟರ ಕಿವಿಯಲ್ಲಿ ಅವಳು ಹೋಗಿ ನಾನು ಕೂತಿದ್ದೆ. ಮೆಸೇಜನ್ನು ಡಿಲೀಟ್ ಮಾಡಿ, ಹೋಂಸ್ಟೇಗೆ ಹೋಗಿ, ಯಾರೋ ಅತಿಥಿಗಳಿಗೆ ಬೆಟ್ಟದ ದಾರಿ ತಪ್ಪಾಗಿ ಹೇಳಿದೆ.

ತಂಗಿಗೆ ಹೇಳಲಿಲ್ಲ. ಒಂದು ತಿಂಗಳಿಗೂ ಹೆಚ್ಚು ಹೇಳಲಿಲ್ಲ. ಅವಳು ಮಾತು ಕಡಿಮೆ ಮಾಡಿದಳು. ಅಂಗಡಿಗೆ ಹೋದರೆ ಬೇಕಾದದ್ದನ್ನು ಬೆರಳಿನಲ್ಲಿ ತೋರಿಸಿ ತರುತ್ತಿದ್ದಳು. “ಇನ್ನು ಯಾರಾದರೂ ಕರೆದರೆ ಮುಖ ಮಾತ್ರ ಕೊಟ್ಟು ಬರುವುದು” ಎಂದು ಒಮ್ಮೆ ಚಿಕ್ಕಮ್ಮನ ಹತ್ತಿರ ಹೇಳಿದ್ದು ಕೇಳಿಸಿತು. ನಾನು ಎದುರಿಗೆ ಸಿಕ್ಕಿದಾಗೆಲ್ಲ, ಅಣಕಿಸುತ್ತೇನೆ ಎಂದು ಕಾಯುತ್ತಿದ್ದಳೋ ಏನೋ, ಒಂದು ಕ್ಷಣ ನಿಲ್ಲುತ್ತಿದ್ದಳು. ನಾನು ಹವಾಮಾನದ ಬಗ್ಗೆ ಮಾತಾಡುತ್ತಿದ್ದೆ. ನನ್ನ ಅಮ್ಮ ನನಗೆ ಜ್ವರವೇ ಎಂದು ಹಣೆ ಮುಟ್ಟಿ ನೋಡಿದಳು.

ಒಂದು ಭಾನುವಾರ ಬೆಳಿಗ್ಗೆ ಚಿಕ್ಕಮ್ಮ ಅಕ್ಕಿ ರೊಟ್ಟಿ ತಿನ್ನಲು ಕರೆದಿದ್ದರು. ಅಂಗಳದಲ್ಲಿ ಕೂತಿದ್ದೆವು. ಕಲ್ಲಿನ ಮೇಲಿದ್ದ ಫೋನು ಹೊಡೆದುಕೊಂಡಿತು. ಬೆಂಗಳೂರು, ಧಾರಾವಾಹಿಯ ಮ್ಯಾನೇಜರ್. ಅಲ್ಲಿಂದ ಎತ್ತಿದರೆ ಲೈನ್ ಕಟ್ಟಾಗುತ್ತದೆಂದು ತಂಗಿ ಸ್ಪೀಕರ್ ಹಾಕಿದಳು. ಹೊಸ ಧಾರಾವಾಹಿ, ನಾಯಕಿಯ ಪಾತ್ರಕ್ಕೆ ಅವಳ ಹೆಸರು ನೋಡುತ್ತಿದ್ದಾರಂತೆ. ಚಿಕ್ಕಮ್ಮ ಕೈಯಲ್ಲಿದ್ದ ರೊಟ್ಟಿಯನ್ನು ಹಾಗೇ ಹಿಡಿದು ನಿಂತರು.

“ಸಿನಿಮಾ ನೋಡಿದ್ವಿ ಮೇಡಂ, ಫೇಸ್ ಪರ್ಫೆಕ್ಟು” ಎಂದ ಮ್ಯಾನೇಜರ್. “ವಾಯ್ಸ್ ನಾವು ಬೇರೆಯೋರ ಹತ್ರ ಮಾಡಿಸ್ಕೊಳ್ತೀವಿ. ನಿಮ್ಮದು ಸ್ವಲ್ಪ ಪ್ರಾಬ್ಲಂ ಅಂತ ಕೇಳ್ಪಟ್ಟೆ. ಏನೋ, ಪ್ರತಿ ಸೆಂಟೆನ್ಸ್ ಆದ್ಮೇಲೂ ‘ಆಂ?’ ಅಂತ ಬರತ್ತಂತಲ್ಲ?”

ಅದು ನಾನು ಹುಟ್ಟಿಸಿದ ಸುಳ್ಳು. ಕಕ್ಕಬೆಯ ಜಗಲಿಯಿಂದ ಬೆಂಗಳೂರಿಗೆ ಹೋಗಿ, ಒಂದು ಆಫೀಸಿನಿಂದ ಇನ್ನೊಂದಕ್ಕೆ ತಿರುಗಿ, ಈಗ ಅವಳ ಗುಣವೇ ಆಗಿ ವಾಪಸ್ ಬಂದಿತ್ತು.

ತಂಗಿ ಕಣ್ಣು ಅಗಲಿಸಿ ಫೋನನ್ನೇ ನೋಡುತ್ತಿದ್ದಳು. “ಹಾಗೆ ಯಾರು ಹೇಳಿದ್ದು ಸರ್? ನಾನು ಹಾಗೆ ಎಲ್ಲೂ...”

“ಅದು ನಾನು” ಎಂದೆ. ಎದ್ದು ನಿಂತಿದ್ದೆ. “ಸರ್, ಅದು ನಾನು ಮಾಡಿದ್ದು. ನಾನು ಇವಳ ಅಣ್ಣ. ಇವಳು ಹಾಗೆ ಮಾತಾಡೋದೇ ಇಲ್ಲ. ಶೂಟಿಂಗ್‌ನವರನ್ನು ನಗಿಸ್ಲಿಕ್ಕೆ ನಾನು ಸೇರಿಸಿದ್ದು. ಡೈರೆಕ್ಟರು ಅದನ್ನೇ ಹಿಡ್ಕೊಂಡು ಇವಳ ವಾಯ್ಸ್ ತೆಗೆಸಿದ್ರು. ಗೊತ್ತಾಯ್ತಾ? ತಪ್ಪು ನನ್ನದು.”

ಚಿಕ್ಕಮ್ಮ ರೊಟ್ಟಿಯನ್ನು ನನ್ನ ತಟ್ಟೆಗೆ ಹಾಕದೆ ಪಾತ್ರೆಗೆ ವಾಪಸ್ ಹಾಕಿದರು. ಅಷ್ಟೇ. ನನ್ನ ಮೇಲೆ ಕೈ ಮಾಡಿದ್ದರೆ ಸುಲಭವಾಗುತ್ತಿತ್ತು. ತಂಗಿ ಮಾತ್ರ ನನ್ನನ್ನು ನೋಡುತ್ತಲೇ ಇದ್ದಳು, ಟಾಕೀಸಿನಲ್ಲಿ ಪರದೆ ನೋಡಿದ ಹಾಗೆ.

ಫೋನಿನೊಳಗೆ ಮ್ಯಾನೇಜರ್ ನಕ್ಕ. “ಓಹೋ, ಆ ಮಿಮಿಕ್ರಿಯೋರು ನೀವೇನಾ? ನಿಮ್ದು ಭಾರಿ ಹೆಸರು ಸ್ವಾಮಿ ಇಲ್ಲಿ. ಸರಿ ಹಾಗಾದ್ರೆ, ಮೇಡಂ ನಿಜವಾಗ್ಲೂ ಹೇಗ್ ಮಾತಾಡ್ತಾರೆ ಅಂತ ನೀವೇ ಒಂದ್ಸಲ ಮಾಡಿ ತೋರ್ಸಿ. ಇಲ್ಲಿ ನಮ್ಮ ಸೀರಿಯಲ್ ಡೈರೆಕ್ಟರೂ ಇದ್ದಾರೆ, ಕೇಳಿಸ್ಕೊಳ್ಲಿ.”

ಇನ್ನು ಹೇಳುವುದು ನನಗೇ ನಂಬಲಾಗದ ಮಾತು. ನಾನು ಉಸಿರು ಎಳೆದುಕೊಂಡೆ. ಈ ಸಲ ಸರಿಯಾಗಿ ಮಾಡುತ್ತೇನೆ, ‘ಆಂ?’ ಇಲ್ಲದೆ, ರಾಗವನ್ನು ಅವಳದೇ ಅಳತೆಯಲ್ಲಿ ಇಟ್ಟು ಮಾಡುತ್ತೇನೆ, ಅವಳನ್ನು ಉಳಿಸುತ್ತೇನೆ ಎಂದು ಕುತ್ತಿಗೆ ಸರಿಮಾಡಿಕೊಂಡು ಬಾಯಿ ತೆರೆದಿದ್ದೆ. ಅಷ್ಟಾದ ಮೇಲೂ.

ಆಮೇಲೆ ಆದದ್ದನ್ನು ಈಗಲೇ ಹೇಳಿಬಿಡುತ್ತೇನೆ. ನಾಯಕಿಯ ಪಾತ್ರ ಬೇರೆಯವರಿಗೆ ಹೋಯಿತು. ತಂಗಿಗೆ ಸಿಕ್ಕಿದ್ದು ನಾಯಕಿಯ ನಾದಿನಿ, ದಿನಾ ಸಂಜೆ ಬರುತ್ತಾಳೆ, ಜಗಳಗಂಟಿ, ಬಾಯಿ ತುಂಬ ಮಾತು, ಸ್ವರ ಅವಳದೇ. ಚಿಕ್ಕಪ್ಪ ಸೌಂಡ್ ಜೋರು ಮಾಡಿ ಕೇಳುತ್ತಾರೆ. ನನ್ನನ್ನು ಅವಳು ಮಾತಾಡಿಸಲು ಮೂರು ವಾರ ಬೇಕಾಯಿತು. ಬಾಕಿ ಎಲ್ಲರನ್ನೂ ನಾನು ಇವತ್ತಿಗೂ ಅಣಕಿಸುತ್ತೇನೆ. ಅವಳನ್ನು ಮಾಡೆಂದು ಮದುವೆ ಮನೆಗಳಲ್ಲಿ ಕೇಳುತ್ತಾರೆ, ಮಾಡುವುದಿಲ್ಲ.

ಅವತ್ತು ಅಂಗಳದಲ್ಲಿ ಅವಳು ನನ್ನ ತೆರೆದ ಬಾಯಿಯ ಮುಂದೆ ಅಂಗೈ ಅಡ್ಡ ಹಿಡಿದಳು. ಮುಟ್ಟಲಿಲ್ಲ. ಕಲ್ಲಿನ ಕಡೆ ಬಗ್ಗಿ, ಕಣದಲ್ಲಿ ಮಾತಾಡಿದ್ದ ಅದೇ ಸ್ವರದಲ್ಲಿ, ಕೊನೆಯನ್ನು ಮೇಲಕ್ಕೆತ್ತಿಯೇ ಹೇಳಿದಳು:

“ನಾನು ಹೇಗೆ ಮಾತಾಡ್ತೇನೆ ಅಂತ ಅವನ ಹತ್ತಿರ ಎಂತಕ್ಕೆ ಕೇಳುವುದು ಸರ್? ನಾನು ಇಲ್ಲೇ ಇದ್ದೇನಲ್ಲ.”